ಅಂಗಾಲು ಒಣಗಿ ಹೊಟ್ಟು ಏಳುತ್ತಿದೆ, ತುರಿಕೆಯಿಲ್ಲ. ಇದೂ ಕಾಲಿನ ಫಂಗಸ್ಸೇ?

ಕಿರುಬೆರಳ ಸಂದಿ ಬೆಳ್ಳಗಾಗಿ ಸುಲಿಯುತ್ತಿದೆ, ಅಂಗಾಲು ಒಣಗಿ ಹೊಟ್ಟು ಏಳುತ್ತಿದೆ, ಇವು ಬೇರೆ ಬೇರೆ ಕಾಯಿಲೆಗಳೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮಳೆಗಾಲವಿಡೀ ಗಂಬೂಟಿನೊಳಗೆ ಕಾಲಿಟ್ಟುಕೊಂಡೇ ಬದುಕುವವನು. ನಿಮ್ಮ ಎರಡೂ ಲಕ್ಷಣಗಳು ನನಗೂ ಇದ್ದವು. ಎರಡಕ್ಕೂ ಬೇರು ಒಂದೇ, ಫಂಗಸ್ಸು ಎಂದು ತಿಳಿಯಲು ಆರು ವರ್ಷ ಹಿಡಿಯಿತು. ಅಡಿಕೆಯ ಕೊಳೆರೋಗಕ್ಕೆ ವರ್ಷವೂ ತಪ್ಪದೆ ಬೋರ್ಡೋ ದ್ರಾವಣ ಹೊಡೆಸುವವನಿಗೆ ತನ್ನ ಕಾಲು ಕಾಣಲಿಲ್ಲ!

ಸಂದಿಯದನ್ನು ಗುರುತಿಸುವುದು ಸುಲಭ. ನಮ್ಮಲ್ಲಿ ಕೆಸರು ಹುಣ್ಣು ಎನ್ನುತ್ತಾರೆ. ಹೆಚ್ಚಾಗಿ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಶುರುವಾಗುತ್ತದೆ, ಅಲ್ಲಿ ಗಾಳಿಯಾಡುವುದಿಲ್ಲ. ಚರ್ಮ ನೆನೆದ ಕಾಗದದಂತೆ ಬೆಳ್ಳಗೆ ಊದಿ, ಉಜ್ಜಿದರೆ ಪದರವಾಗಿ ಬರುತ್ತದೆ, ಕೆಳಗೆ ಕೆಂಪು ಹಸಿ. ಬೂಟು ಕಳಚಿದ ಗಳಿಗೆಯಲ್ಲಿ ತುರಿಕೆ ಜೋರು.

ನನ್ನನ್ನು ಏಮಾರಿಸಿದ್ದು ಅಂಗಾಲಿನದು. ತುರಿಸುವುದೇ ಅಪರೂಪ. ಅಪ್ಪನ ಹಿಮ್ಮಡಿಯೂ ಒಡೆಯುತ್ತಿತ್ತು, ಹಾಗಾಗಿ ಇದು ವಂಶದ ಬಳುವಳಿ ಎಂದುಕೊಂಡಿದ್ದೆ. ರಾತ್ರಿ ಮುರುಗಲ ತುಪ್ಪ ಕರಗಿಸಿ ಹಚ್ಚುತ್ತಿದ್ದೆ. ಬಿರುಕು ಮೆತ್ತಗಾಗುತ್ತಿತ್ತು, ಹೊಟ್ಟು ಮಾತ್ರ ಹೋಗುತ್ತಿರಲಿಲ್ಲ. ಕೊನೆಗೆ ಶಿವಮೊಗ್ಗದಲ್ಲಿ ಚರ್ಮತಜ್ಞೆಯೊಬ್ಬರು ನನ್ನ ಪಾದವನ್ನು ದೀಪದ ಕೆಳಗೆ ಹಿಗ್ಗಿಸಿ ತೋರಿಸಿದರು. ಅಂಗಾಲಿನ ಗೆರೆಗಳೊಳಗೆ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕೂತಿತ್ತು. ಒಣಗಿದ ಚರ್ಮ ಪಾದದ ಬದಿಯವರೆಗೆ ಏರಿ, ಅಲ್ಲಿ ಗೆರೆ ಎಳೆದಂತೆ ನಿಂತಿತ್ತು. ಮೊಕ್ಯಾಸಿನ್ ಎಂಬ ಪಾದರಕ್ಷೆಯಷ್ಟೇ ಜಾಗ ಆವರಿಸುವುದರಿಂದ ಈ ಬಗೆಗೆ ಅದೇ ಹೆಸರು. ಆಮೇಲೆ ಅವರು ಕೈ ಚಾಚಲು ಹೇಳಿದರು. ಬಲ ಅಂಗೈ ಮಾತ್ರ ಒರಟಾಗಿತ್ತು, ಕತ್ತಿ ಹಿಡಿದು ಹಾಗಾಗಿದೆ ಎಂಬುದು ನನ್ನ ಲೆಕ್ಕ. ಎರಡು ಪಾದ, ಒಂದು ಕೈ: ಈ ಜೋಡಿ ಕಂಡರೆ ವೈದ್ಯರು ಮೊದಲು ಫಂಗಸ್ಸನ್ನೇ ಶಂಕಿಸುತ್ತಾರಂತೆ. ಬ್ಲೇಡಿನಿಂದ ಹೊಟ್ಟು ಹೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫಂಗಸ್ಸಿನ ಎಳೆಗಳು ಕಾಣುತ್ತವೆ.

ಕಾಲಿನ ಫಂಗಸ್ಸಿನ ಮೂರನೆಯ ಬಗೆಯಲ್ಲಿ ಪಾದದ ಕಮಾನಿನ ಸುತ್ತ ನೀರುಗುಳ್ಳೆಗಳು ಏಳುತ್ತವೆ, ಅದು ನನಗೆ ಬಂದಿಲ್ಲ. ನಾಲ್ಕನೆಯದು ಅಪರೂಪ, ಆದರೆ ಕೆಟ್ಟದ್ದು: ಸಂದಿ ಹುಣ್ಣಾಗಿ, ಕೀವು, ವಾಸನೆ, ನೋವು. ಕೆಂಪು ಮೇಲಕ್ಕೆ ಹರಡುತ್ತಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಅಂದೇ ಆಸ್ಪತ್ರೆಗೆ ಹೋಗಿ.

ಎಲ್ಲವೂ ಫಂಗಸ್ಸೇ ಆಗಬೇಕಿಲ್ಲ. ಪಾದದ ಮೇಲೆ ಹವಾಯಿ ಚಪ್ಪಲಿಯ ಪಟ್ಟಿಯ ಆಕಾರದಲ್ಲೇ ಕಜ್ಜಿ ಎದ್ದರೆ ರಬ್ಬರಿನ ಅಲರ್ಜಿ ಇರಬಹುದು. ಅಂಗಾಲಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳೂ ಸಹಿಸಲಾಗದ ವಾಸನೆಯೂ ಇದ್ದರೆ ಅದು ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಕೆಲಸ. ಉಗುರುಗಳನ್ನೂ ನೋಡಿಕೊಳ್ಳಿ, ಹಳದಿಯಾಗಿ ದಪ್ಪಗಾಗಿದ್ದರೆ ಫಂಗಸ್ಸು ಅಲ್ಲೇ ಬೀಡುಬಿಟ್ಟಿದ್ದು, ವಾಸಿಯಾದ ಚರ್ಮಕ್ಕೆ ಮತ್ತೆ ಇಳಿಯಬಹುದು.

ಒಂದು ವಿಷಯ ಒತ್ತಿ ಹೇಳುತ್ತೇನೆ. ಔಷಧದಂಗಡಿಯವರು ಕೊಟ್ಟ ಮುಲಾಮಿನಿಂದ ನನ್ನ ಬೆರಳಸಂದಿಯ ತುರಿಕೆ ಎರಡೇ ದಿನಕ್ಕೆ ನಿಂತಿತ್ತು. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಉರಿಯೂತ ಅಡಗಿತು, ಫಂಗಸ್ಸು ಒಳಗೊಳಗೇ ಬೆಳೆದು ತಿಂಗಳೊಳಗೆ ತೊಡೆಸಂದಿಗೂ ಬಂತು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಎಂದಿದ್ದರೆ ವೈದ್ಯರು ಹೇಳದೆ ಮುಟ್ಟಬೇಡಿ. ಅಂಗಾಲಿನ ಚರ್ಮ ದಪ್ಪವಾದ್ದರಿಂದ ನನಗೆ ಮುಲಾಮಿನ ಜೊತೆ ಮಾತ್ರೆಯೂ ಬೇಕಾಯಿತು. ನಿಮಗೇನು ಬೇಕೆಂದು ಪರೀಕ್ಷೆ ಮಾಡಿದವರೇ ಹೇಳಲಿ.

ಪರೀಕ್ಷೆಗೆ ಹೋಗುವ ದಿನ ಕಾಲಿಗೆ ಏನನ್ನೂ ಹಚ್ಚಿಕೊಳ್ಳಬೇಡಿ. ನಾನು ಮೊದಲ ಸಲ ಮುರುಗಲ ತುಪ್ಪ ಸವರಿಕೊಂಡು ಹೋಗಿದ್ದೆ. ಹೆರೆಯಲು ಒಣ ಹೊಟ್ಟು ಸಿಗದೆ, ಮುಂದಿನ ವಾರ ಇನ್ನೊಮ್ಮೆ ಶಿವಮೊಗ್ಗದ ಬಸ್ ಹತ್ತಬೇಕಾಯಿತು.