ಸ್ವೀಡನ್ ಪೋಪನನ್ನು ಬಿಟ್ಟು ಪ್ರಾಟೆಸ್ಟಂಟ್ ಆದದ್ದು ಹೇಗೆ?

ಜರ್ಮನಿಯ ಧರ್ಮಸುಧಾರಕ ಲೂಥರನ ಬೋಧನೆಗಿಂತ ಸಾಲದ ಕಾಟವೇ ಮೊದಲ ಕಾರಣ ಎನ್ನಬೇಕು. ಡೆನ್ಮಾರ್ಕಿನ ದೊರೆಯ ವಿರುದ್ಧ ಬಂಡೆದ್ದು 1523ರಲ್ಲಿ ಪಟ್ಟಕ್ಕೆ ಬಂದ ಗುಸ್ತಾವ್ ವಾಸಾ, ಆ ಯುದ್ಧಕ್ಕಾಗಿ ಜರ್ಮನಿಯ ಲೂಬೆಕ್ ನಗರಕ್ಕೆ ಭಾರೀ ಸಾಲಗಾರನಾಗಿದ್ದ. ಖಜಾನೆ ಬರಿದು, ಚರ್ಚಿನ ಬಳಿ ಮಾತ್ರ ಭೂಮಿ, ಬೆಳ್ಳಿ, ಕೋಟೆ. ಸಾಲದ್ದಕ್ಕೆ, ಡೇನರ ಪಕ್ಷ ವಹಿಸಿ ದೇಶ ಬಿಟ್ಟಿದ್ದ ಆರ್ಚ್‌ಬಿಷಪ್ ಗುಸ್ತಾವ್ ಟ್ರೊಲ್ಲೆಯನ್ನೇ ಮತ್ತೆ ಕೂರಿಸಿ ಎಂದು ರೋಮ್ ಪಟ್ಟು ಹಿಡಿಯಿತು. ಸಂಬಂಧ ಅಲ್ಲಿಗೆ ಹಳಸಿತು.

1527ರಲ್ಲಿ ವೆಸ್ಟೆರೋಸ್ ನಗರದಲ್ಲಿ ಸೇರಿದ ದೇಶದ ಪ್ರತಿನಿಧಿಗಳ ಸಭೆಯಲ್ಲಿ ದೊರೆ ಸಿಂಹಾಸನ ಬಿಟ್ಟುಹೋಗುವುದಾಗಿ ಬೆದರಿಸಿ ಕೆಲಸ ಸಾಧಿಸಿದ. ಬಿಷಪರ ಕೋಟೆಗಳೂ ಚರ್ಚಿನ ‘ಹೆಚ್ಚುವರಿ’ ಆದಾಯವೂ ದೊರೆಗೆ. 1454ರ ನಂತರ ತಮ್ಮ ಮನೆತನ ದಾನ ಕೊಟ್ಟ ಜಮೀನನ್ನು ಶ್ರೀಮಂತರು ವಾಪಸ್ ಪಡೆಯಬಹುದು. ಈ ಎರಡನೆಯ ಅಂಶವೇ ಜಾಣತನ: ಪಾಲು ಸಿಕ್ಕವರು ಯಾಕೆ ತಕರಾರು ತೆಗೆದಾರು?

ರೈತರಿಗೆ ಮಾತ್ರ ಇದು ರುಚಿಸಲಿಲ್ಲ. 1531ರಲ್ಲಿ ಸಾಲ ತೀರಿಸಲು ಚರ್ಚುಗಳಿಂದ ಬಾರಿಸುವ ಗಂಟೆ ಒಂದೊಂದು ಇಲ್ಲವೇ ಅದರ ಬೆಲೆ ಕೇಳಿದಾಗ ದಾಲಾರ್ನಾ ಪ್ರಾಂತ್ಯ ದಂಗೆ ಎದ್ದಿತು. 1542ರಲ್ಲಿ ಸ್ಮೋಲಾಂಡ್‌ನಲ್ಲಿ ರೈತ ಮುಖಂಡ ನಿಲ್ಸ್ ದಾಕೆಯ ಬಂಡಾಯ. ಎರಡನ್ನೂ ದೊರೆ ಹತ್ತಿಕ್ಕಿದ.

ಬೋಧನೆ ಬದಲಾದದ್ದು ನಿಧಾನವಾಗಿ. ಬೈಬಲಿನ ‘ಹೊಸ ಒಡಂಬಡಿಕೆ’ ಭಾಗ ಸ್ವೀಡಿಷ್ ಭಾಷೆಯಲ್ಲಿ 1526ರಲ್ಲಿ ಬಂತು, ಪೂರ್ಣ ಬೈಬಲ್ 1541ರಲ್ಲಿ. ಲೂಥರನ್ ಪಂಥದ ಆಗ್ಸ್‌ಬರ್ಗ್ ನಂಬಿಕೆಪತ್ರವನ್ನು ಸ್ಪಷ್ಟವಾಗಿ ಒಪ್ಪಿಕೊಂಡದ್ದು 1593ರ ಉಪ್ಸಾಲಾ ಸಭೆಯಲ್ಲಿ, ಅದೂ ಕ್ಯಾಥೊಲಿಕನಾದ ಸಿಗಿಸ್ಮಂಡ್ ದೊರೆಯಾಗಿ ಬರುತ್ತಿದ್ದಾನೆಂಬ ಆತಂಕದಲ್ಲಿ. ಅವನನ್ನು 1599ರಲ್ಲಿ ಪದಚ್ಯುತಗೊಳಿಸಿದರು.