ಮಾವನ ಮಾತು ಮೀರಿದ ಸಮುರಾಯ್

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಡಿಯೊ ಗೇಮ್ ಬಗ್ಗೆ: 'ಘೋಸ್ಟ್ ಆಫ್ ತ್ಸುಶಿಮಾ'. ಜಪಾನಿನ ತ್ಸುಶಿಮಾ ದ್ವೀಪಕ್ಕೆ ಮಂಗೋಲರು ನುಗ್ಗಿದಾಗ, ಜಿನ್ ಎಂಬ ಸಮುರಾಯ್ ತನ್ನ ಮಾವ ಶಿಮುರಾ ಕಲಿಸಿದ ನಿಯಮಗಳನ್ನು ಮೀರಿ ಹೋರಾಡುವ ಕಥೆ ಅದು. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಕಥೆಯ ಕೊನೆಯೂ ಇಲ್ಲಿ ಬರುತ್ತದೆ. ಇನ್ನೂ ಆಡುತ್ತಿರುವವರು ಮೊದಲ ಉತ್ತರವನ್ನು ಆಟ ಮುಗಿದ ಮೇಲೆ ಓದಿ.

ಪ್ರಶ್ನೆ: ಅಣ್ಣಾ, ಆಟ ಮುಗಿಸಿದೆ. ಕೊನೆಯಲ್ಲಿ ಶಿಮುರಾನನ್ನು ಕೊಲ್ಲುವುದೋ ಬಿಡುವುದೋ ಎಂದು ನಮ್ಮನ್ನೇ ಕೇಳುತ್ತದೆ. ನಾನು ಬಿಟ್ಟೆ. ನನ್ನ ರೂಮ್‌ಮೇಟ್ ಕೊಂದ. ಅವನ ಪ್ರಕಾರ ಶಿಮುರಾ ಹಟಮಾರಿ ಮುದುಕ, ಜಿನ್ ಮಾಡಿದ್ದೆಲ್ಲ ಸರಿ. ನೀವೇನು ಹೇಳುತ್ತೀರಿ?
(ಕಾಲೇಜು ವಿದ್ಯಾರ್ಥಿ, ಕೊತ್ರೂಡ್, ಪುಣೆ)

ಉತ್ತರ: ತಮ್ಮಾ, ಶಿಮುರಾ ತಾನಾಗಿಯೇ ಕೇಳುವುದು ಸಾವನ್ನು. ಕೊನೆಯ ದ್ವಂದ್ವದಲ್ಲಿ ಜಿನ್‌ಗೆ ಸೋತ ಮೇಲೆ, ಯೋಧನಿಗೆ ತಕ್ಕ ಸಾವು ಕೊಡು ಎನ್ನುತ್ತಾನೆ. ಅಂದರೆ ಅವನನ್ನು ಹಟಮಾರಿ ಎಂದ ನಿನ್ನ ರೂಮ್‌ಮೇಟೇ ಅವನ ಮಾತು ನಡೆಸಿಕೊಟ್ಟ. ಪಾಪ ಎಂದು ಬಿಟ್ಟ ನೀನು ಅವನ ಕೊನೆಯ ಆಸೆಯನ್ನೂ ಮೀರಿದೆ! ಈ ಆಟವನ್ನು ನಾನು ಇಷ್ಟು ಹಚ್ಚಿಕೊಂಡಿರುವುದು ಇಂಥ ಕಡೆಗಳಿಗಾಗಿ.

ನಾನು ಕೊಂದೆ. ಯಾಕೆಂದು ಹೇಳುತ್ತೇನೆ.

ಶಿಮುರಾ ಜಿನ್‌ಗೆ ಸೋದರಮಾವ. ಅಪ್ಪ ಕಜುಮಾಸ ಕಣ್ಣೆದುರೇ ಸಾಯುವಾಗ ಬಾಲಕ ಜಿನ್ ಭಯದಿಂದ ಅಡಗಿಯೇ ಇದ್ದ. ಆಮೇಲೆ ಅವನನ್ನು ಸಾಕಿದ್ದು, ಕತ್ತಿ ಹಿಡಿಯಲು ಕಲಿಸಿದ್ದು ಈ ಮಾವ. ಶೋಗನ್‌ನ ಒಪ್ಪಿಗೆ ಪಡೆದು ಅಳಿಯನನ್ನೇ ತನ್ನ ವಾರಸುದಾರ ಮಾಡಬೇಕು ಎಂದಿರುತ್ತಾನೆ. ನಾನು ಕಾರ್ಕಳದ ಕಡೆಯವನು. ನಮ್ಮದು ಅಳಿಯಸಂತಾನದ ಮನೆ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆದರೂ ಮಾವನ ಮರ್ಯಾದೆ ಅಳಿಯನ ಹೆಗಲ ಮೇಲಿದೆ ಎಂಬ ಮಾತು ಕೇಳಿಯೇ ಬೆಳೆದೆ. ನನ್ನನ್ನು ಮುಂಬೈಗೆ ಕರೆತಂದು, ಘಾಟ್ಕೋಪರಿನ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರಿಸಿದವರು ಸೋದರಮಾವ. ಹಾಗಾಗಿ ಜಿನ್‌ನನ್ನು ಮಗನನ್ನಾಗಿ ಮಾಡಿಕೊಳ್ಳುವ ಮಾತನ್ನು ಶಿಮುರಾ ಎತ್ತಿದಾಗ ನನಗೆ ಅದು ಜಪಾನಿನ ಕಥೆ ಅನಿಸಲೇ ಇಲ್ಲ.

ಈಗ ಸರಿ ತಪ್ಪಿನ ಮಾತಿಗೆ ಬರೋಣ. ಆಟದ ಶುರುವಿನಲ್ಲಿ ಕೊಮೊದಾ ಕಡಲತೀರ ನೆನಪಿದೆಯಾ? ಅದಾಚಿ ಎಂಬ ಸಮುರಾಯ್ ಒಬ್ಬನೇ ಮುಂದೆ ನಡೆದು, ತನ್ನ ಹೆಸರು ಹೇಳಿ, ಎದುರಾಳಿಯನ್ನು ಕರೆಯುತ್ತಾನೆ. ಮಂಗೋಲರ ನಾಯಕ ಖೋತುನ್ ಖಾನ್ ಕೈಯಲ್ಲಿದ್ದ ಮದ್ಯವನ್ನು ಅವನ ಮೇಲೆ ಎರಚಿ ಬೆಂಕಿ ಹಚ್ಚುತ್ತಾನೆ. ಸಮುರಾಯ್‌ಗಳ ನಿಯಮ ಖಾನ್‌ಗೆ ಬಾಯಿಪಾಠ. ಅದನ್ನೇ ಅವರ ವಿರುದ್ಧ ತಿರುಗಿಸುತ್ತಾನೆ. ಇದನ್ನು ನೋಡಿದ ಯಾರಿಗಾದರೂ, ಹಳೆಯ ದಾರಿಯಲ್ಲಿ ಈ ಯುದ್ಧ ಗೆಲ್ಲಲು ಆಗದು ಅನಿಸುತ್ತದೆ. ಅಲ್ಲಿಗೆ ಜಿನ್ ಸರಿ.

ಆದರೆ ವಿಷದ ಪ್ರಸಂಗ ನೋಡು. ಶಿಮುರಾನ ಕೋಟೆ ಬಿಡಿಸಿಕೊಳ್ಳಲು ಜಿನ್ ಮಂಗೋಲರ ಪಾನೀಯಕ್ಕೆ ವಿಷ ಬೆರೆಸುತ್ತಾನೆ. ಒಳಗಿದ್ದವರು ಒದ್ದಾಡಿ ಸಾಯುತ್ತಾರೆ. ಮಾವ ಸಿಡಿದೇಳುತ್ತಾನೆ. ಆ ಹೊತ್ತಿಗೆ ನಮಗೆ ಅದು ಬರೀ ಹಟ ಅನಿಸುತ್ತದೆ, ನಿಜ. ಆದರೆ ಮುಂದೆ ಏನಾಗುತ್ತದೆ? ಖಾನ್ ಅದೇ ವಿಷ ಮಾಡುವುದನ್ನು ಕಲಿಯುತ್ತಾನೆ. ದ್ವೀಪದ ಜನರ ಮೇಲೇ ಬಳಸುತ್ತಾನೆ. ಶಿಮುರಾ ಹೆದರಿದ್ದು ಸುಮ್ಮಸುಮ್ಮನೆ ಅಲ್ಲ. ಹಟಮಾರಿ ಎನ್ನುವವರು ಈ ಭಾಗವನ್ನು ಮರೆತೇಬಿಡುತ್ತಾರೆ.

ಹಾಗಂತ ಮಾವನನ್ನು ನಾನು ಪೂರ್ತಿ ಒಪ್ಪುವುದೂ ಇಲ್ಲ. ವಿಷದ ತಪ್ಪನ್ನು ನಿನ್ನ ಜೊತೆಗಾತಿ ಯುನಾಳ ತಲೆಗೆ ಕಟ್ಟು, ನೀನು ಪಾರಾಗು ಎನ್ನುತ್ತಾನಲ್ಲ, ಅಲ್ಲಿ ಅವನು ಸಣ್ಣವನಾಗುತ್ತಾನೆ. ಮರ್ಯಾದೆಯ ಬಗ್ಗೆ ಅಷ್ಟು ಮಾತಾಡಿದವನು, ಕಳ್ಳತನ ಮಾಡಿ ಬದುಕಿದ ಹೆಣ್ಣೊಬ್ಬಳ ಜೀವಕ್ಕೆ ಬೆಲೆಯೇ ಕೊಡಲಿಲ್ಲ. ಜಿನ್ ಒಪ್ಪದೆ ಸೆರೆಮನೆಗೆ ಹೋಗುತ್ತಾನೆ. ಇಡೀ ಆಟದಲ್ಲಿ ಅವನು ನಿಜವಾದ ಸಮುರಾಯ್ ಅನಿಸಿದ್ದು ನನಗೆ ಆ ಗಳಿಗೆಯಲ್ಲಿ.

ಇಷ್ಟೆಲ್ಲ ಆದ ಮೇಲೆ, ಮಾವ ಕೇಳಿದ ಒಂದೊಂದನ್ನೂ ಅಳಿಯ ನಿರಾಕರಿಸಿ ಆಗಿದೆ. ಉಳಿದದ್ದು ಒಂದೇ ಕೋರಿಕೆ. ಅದನ್ನಾದರೂ ನಡೆಸಬೇಕು ಎಂದು ನಾನು ಗುಂಡಿ ಒತ್ತಿದೆ. ನೀನು ಬಿಟ್ಟದ್ದನ್ನು ತಪ್ಪು ಎನ್ನಲಾರೆ. ಕುಟುಂಬದವರನ್ನು ಇನ್ನು ಕೊಲ್ಲೆನು ಎನ್ನುವವನಿಗೂ ಅವನದೇ ನ್ಯಾಯವಿದೆ.

ನನ್ನ ದೂರು ಬೇರೆ ಇದೆ. ಮೊದಲ ಭಾಗವನ್ನು ನಾನು ಎದುರು ನಿಂತೇ ಆಡಿದೆ. ಹಿಂದಿನಿಂದ ಚುಚ್ಚುವುದು, ಹುಲ್ಲಿನಲ್ಲಿ ಅಡಗುವುದು, ಇದ್ಯಾವುದನ್ನೂ ಕಥೆ ಒತ್ತಾಯ ಮಾಡಿದ ಕಡೆ ಬಿಟ್ಟರೆ ಮಾಡಲಿಲ್ಲ. ಆದರೂ ಕಥೆ ತನ್ನ ಪಾಡಿಗೆ ನಡೆಯುತ್ತದೆ. ಮಾವನ ಬೈಗುಳ ಅಷ್ಟೇ ಇರುತ್ತದೆ. ನಾವು ಹೇಗೆ ಹೋರಾಡಿದೆವು ಎಂಬುದನ್ನು ಆಟ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮರ್ಯಾದೆಯೇ ಕಥೆಯ ಬೇರಾಗಿರುವಾಗ ಇದು ದೊಡ್ಡ ಕೊರತೆ. ಮಾವ ನಮ್ಮ ಕೈಯ ಕೆಲಸ ನೋಡಿ ಮಾತಾಡಿದ್ದರೆ ಆ ಕೊನೆಯ ದ್ವಂದ್ವ ಇನ್ನೂ ಎಷ್ಟು ಚುಚ್ಚುತ್ತಿತ್ತು!

ಪ್ರಶ್ನೆ: ನನ್ನ ಮಗನಿಗೆ ಹದಿಮೂರು ವರ್ಷ. ಈ ಆಟ ಬೇಕೇ ಬೇಕು ಎಂದು ಹಟ ಹಿಡಿದಿದ್ದಾನೆ. ಕೊಡಿಸಬಹುದಾ?
(ಗೃಹಿಣಿ, ಮುಲುಂಡ್)

ಉತ್ತರ: ಈಗ ಬೇಡ ಅಮ್ಮಾ. ಯುರೋಪಿನಲ್ಲಿ ಇದಕ್ಕೆ 18 ವರ್ಷದ ಗುರುತು, ಅಮೆರಿಕದಲ್ಲಿ 17. ರಕ್ತ ಮಾತ್ರ ಕಾರಣವಲ್ಲ. ಸುಟ್ಟ ಹಳ್ಳಿಗಳು, ತೂಗುಹಾಕಿದ ಹೆಣಗಳು, ಚಿತ್ರಹಿಂಸೆ ಎಲ್ಲ ಇವೆ. ಅವನ ಹಟ ಸಹಜ, ನೋಡಲು ಅಷ್ಟು ಚಂದ ಇದೆ. ಆಟ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ.

ಪ್ರಶ್ನೆ: ನಾಲ್ಕು ಜನ ಸುತ್ತುವರಿದರೆ ಸಾಕು, ಸಾಯುತ್ತೇನೆ. ಗುಂಡಿಗಳನ್ನು ಸಿಕ್ಕಾಪಟ್ಟೆ ಒತ್ತಿದರೂ ಪ್ರಯೋಜನವಿಲ್ಲ. ಏನು ಮಾಡಲಿ?
(ಬ್ಯಾಂಕ್ ನೌಕರ, ವಾಶಿ)

ಉತ್ತರ: ಒತ್ತುವುದನ್ನು ಕಡಿಮೆ ಮಾಡಿ. ಈ ಆಟ ಕಾಯುವವನಿಗೆ ಒಲಿಯುತ್ತದೆ.

ಮೊದಲು ಎದುರಾಳಿಯ ಕೈ ನೋಡಿ. ಕತ್ತಿ ಇದ್ದರೆ ಕಲ್ಲಿನ ಭಂಗಿ, ಗುರಾಣಿ ಇದ್ದರೆ ನೀರಿನ ಭಂಗಿ, ಈಟಿ ಇದ್ದರೆ ಗಾಳಿಯ ಭಂಗಿ, ದೈತ್ಯ ದೇಹದವನಾದರೆ ಚಂದ್ರನ ಭಂಗಿ. ತಕ್ಕ ಭಂಗಿಯಲ್ಲಿ ಜೋರಾಗಿ ಹೊಡೆದರೆ ಎದುರಾಳಿ ಬೇಗ ತತ್ತರಿಸುತ್ತಾನೆ. ಹೊಸ ಭಂಗಿ ಸಿಗಲು ಮಂಗೋಲ್ ನಾಯಕರನ್ನು ಕೊಲ್ಲಬೇಕು. ಅಥವಾ ಅಡಗಿ ಕುಳಿತು ಅವರು ಅಭ್ಯಾಸ ಮಾಡುವುದನ್ನು ನೋಡಬೇಕು. ನನಗೆ ಎರಡನೆಯದು ತುಂಬಾ ಇಷ್ಟ. ಶತ್ರುವನ್ನು ನೋಡಿ ಕಲಿಯುವುದು ಖಾನ್‌ನ ಬುದ್ಧಿ. ಜಿನ್ ಅದನ್ನೇ ಅವನ ಮೇಲೆ ತಿರುಗಿಸುತ್ತಾನೆ.

ಆಯುಧ ನೀಲಿಯಾಗಿ ಮಿಂಚಿದರೆ ಸುಮ್ನೆ ತಡೆದರೆ ಸಾಲದು. ಪೆಟ್ಟು ಬೀಳುವ ಹೊತ್ತಿಗೆ ಸರಿಯಾಗಿ ಎಲ್1 ಗುಂಡಿ ಒತ್ತಿ ಸರಿಸಬೇಕು. ಕೆಂಪಾಗಿ ಮಿಂಚಿದರೆ ಆ ಆಸೆ ಬಿಟ್ಟು ಪಕ್ಕಕ್ಕೆ ಜಿಗಿಯಿರಿ. ಮತ್ತೆ ಕ್ಯಾಮೆರಾ ಎಡವಟ್ಟು ಮಾಡುತ್ತದೆ, ಅದು ನಿಮ್ಮ ತಪ್ಪಲ್ಲ. ಮರ, ಬಿದಿರು ಅಡ್ಡ ಬಂದು ಈಟಿಯವನು ಕಾಣುವುದೇ ಇಲ್ಲ. ಒಬ್ಬನ ಮೇಲೇ ಕಣ್ಣು ನೆಡುವ ಲಾಕ್-ಆನ್ ಮೊದಲು ಇರಲಿಲ್ಲ, ಆಮೇಲೆ ಬಂತು. ಸೆಟ್ಟಿಂಗ್‌ನಲ್ಲಿ ಹುಡುಕಿ.

ಇನ್ನೊಂದು ಮಾತು. ಶಿಬಿರಕ್ಕೆ ನುಗ್ಗುವ ಮುಂಚೆ ಸ್ಟ್ಯಾಂಡಾಫ್, ಅಂದರೆ ಎದುರಾಳಿಯ ಮುಂದೆ ನಿಂತು ಕಾದಾಟಕ್ಕೆ ಕರೆಯುವುದು, ಅದನ್ನು ಮಾಡಿ. ತ್ರಿಕೋನದ ಗುಂಡಿ ಹಿಡಿದು ನಿಲ್ಲಬೇಕು. ಎದುರಾಳಿ ಬರುವ ಹಾಗೆ ಮಾಡಿ ಮೋಸ ಮಾಡುತ್ತಾನೆ, ಬೈಯುತ್ತಾನೆ. ನಿಜವಾಗಿ ಕೈ ಎತ್ತಿದಾಗ ಮಾತ್ರ ಬಿಡಬೇಕು. ಒಂದೇ ಏಟಿಗೆ ಮುಗಿಯುತ್ತದೆ. ಅದೊಂದು ಗುಂಡಿಯಲ್ಲಿ ಶಿಮುರಾನ ಪಾಠ ಪೂರ್ತಿ ಇದೆ: ಕಣ್ಣಲ್ಲಿ ಕಣ್ಣಿಟ್ಟು ನಿಲ್ಲು, ಆತುರಪಡಬೇಡ. ಯಾವ ಸಂಭಾಷಣೆಗಿಂತಲೂ ಇದು ನನಗೆ ಆ ಮಾವನನ್ನು ಚೆನ್ನಾಗಿ ಪರಿಚಯ ಮಾಡಿಸಿತು.

ಪ್ರಶ್ನೆ: ನನ್ನ ಮೊಮ್ಮಗಳು ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತೇನೆ. ಇದು ನಿಜವಾಗಿ ನಡೆದ ಕಥೆಯೇ?
(ನಿವೃತ್ತ ಶಿಕ್ಷಕ, ಮಡಗಾಂವ್, ಗೋವಾ)

ಉತ್ತರ: ಸರ್, ಯುದ್ಧ ನಿಜ, ಜನ ಕಲ್ಪನೆ. 1274ರಲ್ಲಿ ಕುಬ್ಲಾಯಿ ಖಾನ್ ಕಳಿಸಿದ ಹಡಗುಗಳು ಕೊರಿಯಾದಿಂದ ಹೊರಟು ತ್ಸುಶಿಮಾಕ್ಕೆ ಬಂದವು. ಇಳಿದದ್ದು ಕೊಮೊದಾದಲ್ಲಿಯೇ. ಅಲ್ಲಿ ಸೊ ಸುಕೆಕುನಿ ಎಂಬ ಅಧಿಕಾರಿ ಸುಮಾರು 80 ಕುದುರೆ ಸವಾರರೊಂದಿಗೆ ಎದುರಿಸಿ ಸತ್ತ. ದಂಡು ಆಮೇಲೆ ಇಕಿ ದ್ವೀಪ, ಅಲ್ಲಿಂದ ಹಕಾತ ಕೊಲ್ಲಿಗೆ ಹೋಯಿತು. 1281ರಲ್ಲಿ ಮತ್ತೆ ಬಂತು. ಜಿನ್, ಶಿಮುರಾ, ಖೋತುನ್ ಖಾನ್ ಯಾರೂ ಇತಿಹಾಸದಲ್ಲಿ ಇಲ್ಲ. ಆ ಕಾಲದ ಸಮುರಾಯ್ ಮುಖ್ಯವಾಗಿ ಕುದುರೆ ಮೇಲಿನ ಬಿಲ್ಲುಗಾರ. ಜಿನ್ ಕೂತು ಹೈಕು ಕಟ್ಟುತ್ತಾನಲ್ಲ, ಆ ಪದ್ಯದ ರೂಪವೂ ಎಷ್ಟೋ ಶತಮಾನ ಆಮೇಲಿನದು. ಆದರೆ ಅದು ಇದ್ದದ್ದು ಒಳ್ಳೆಯದೇ ಆಯಿತು. ಕಾದಾಟದ ಮಧ್ಯೆ ಒಂದು ಕಡೆ ಕೂತು ಗಾಳಿ, ಎಲೆ, ನೀರು ನೋಡು ಎನ್ನುವ ಆಟಗಳು ಎಷ್ಟಿವೆ?

ಇದನ್ನು ಕೇಳಿದರೆ ನಿಮಗೆ ಖುಷಿಯಾಗಬಹುದು. 2020ರ ಸೆಪ್ಟೆಂಬರಿನ ಚಂಡಮಾರುತಕ್ಕೆ ತ್ಸುಶಿಮಾದ ವತತ್ಸುಮಿ ದೇಗುಲದ ತೋರಿ ದ್ವಾರವೊಂದು ಬಿದ್ದುಹೋಯಿತು. ಮರಳಿ ಕಟ್ಟಲು 50 ಲಕ್ಷ ಯೆನ್ ಕೇಳಿದ್ದರು. ಸೇರಿದ್ದು 2 ಕೋಟಿ 70 ಲಕ್ಷಕ್ಕೂ ಮೇಲೆ. ಕೊಟ್ಟವರಲ್ಲಿ ಈ ಆಟ ಆಡಿದವರು ತುಂಬಾ ಜನ. ಆಟ ಮಾಡಿದ್ದು ಅಮೆರಿಕದ ಸಕರ್ ಪಂಚ್ ಕಂಪನಿ. ಅದರ ಇಬ್ಬರು ನಿರ್ದೇಶಕರನ್ನು ಮರುವರ್ಷ ತ್ಸುಶಿಮಾ ತನ್ನ ಪ್ರವಾಸೋದ್ಯಮದ ರಾಯಭಾರಿಗಳನ್ನಾಗಿ ಮಾಡಿಕೊಂಡಿತು.

ಪ್ರಶ್ನೆ: ಮುಖ್ಯ ಕಥೆ ಮಾತ್ರ ಆಡಿದರೆ ಸಾಕಲ್ವಾ? ಕೆಲಸ ಮುಗಿಸಿ ಲೋಕಲ್ ಹಿಡಿದು ಮನೆ ಸೇರುವಾಗ ರಾತ್ರಿ ಒಂಬತ್ತು. ಸಮಯವೇ ಇಲ್ಲ.
(ಡೊಂಬಿವಲಿ ಓದುಗ)

ಉತ್ತರ: ನಾನೂ ಡೊಂಬಿವಲಿಯವನೇ, ಆ ಲೋಕಲ್ ಗೊತ್ತು. ಆದರೂ ಹೇಳುತ್ತೇನೆ, ಜೊತೆಗಾರರ ಕಥೆ ಬಿಡಬೇಡಿ. ಗುಡಾರ ಗುಡಾರ ಹಿಡಿಯುವುದನ್ನು, ನರಿಯ ಹಿಂದೆ ಓಡುವುದನ್ನು ಬೇಕಾದರೆ ಬಿಡಿ.

ಮಸಾಕೊ ಅದಾಚಿಯಿಂದ ಶುರು ಮಾಡಿ. ಕೊಮೊದಾದಲ್ಲಿ ಸುಟ್ಟುಹೋದನಲ್ಲ, ಅವನ ಹೆಂಡತಿ. ವಯಸ್ಸಾದ ಹೆಂಗಸು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರೂ ಕೊಲೆಯಾಗಿದ್ದಾರೆ. ಯಾರು ಮಾಡಿಸಿದ್ದು ಎಂದು ಹುಡುಕುತ್ತ ಹೋಗುತ್ತಾಳೆ. ಸಿಟ್ಟಿನಲ್ಲಿ ಜಿನ್ ಮೇಲೇ ಕತ್ತಿ ಎತ್ತುತ್ತಾಳೆ. ಇಷ್ಟು ವಯಸ್ಸಿನ ಹೆಣ್ಣಿಗೆ ಇಷ್ಟು ದೊಡ್ಡ ಸಿಟ್ಟನ್ನು ಕೊಟ್ಟ ಆಟ ನಾನು ಬೇರೆ ಕಂಡಿಲ್ಲ. ಬಿಲ್ಲುಗಾರ ಇಶಿಕಾವಾ ಗುರುವಿನದು ಇನ್ನೊಂದು ದಾರಿ. ಶಿಷ್ಯೆ ತೊಮೊಯೆ ದ್ರೋಹ ಮಾಡಿದಳು ಎಂದು ಹೇಳುತ್ತಲೇ ಇರುತ್ತಾನೆ. ಕೇಳುತ್ತ ಕೇಳುತ್ತ ಗುರುವಿನ ಮಾತಿನಲ್ಲೇ ತೂತು ಕಾಣಲು ಶುರುವಾಗುತ್ತದೆ.

ಜಿನ್‌ನ ಹಳೆಯ ಗೆಳೆಯ ರ್ಯುಜೊ ಮುಖ್ಯ ಕಥೆಯಲ್ಲೇ ಬರುತ್ತಾನೆ. ಅವನನ್ನು ಬರೀ ದ್ರೋಹಿ ಎಂದು ದಾಟಿ ಹೋಗಬೇಡಿ. ಅವನ ಜನಕ್ಕೆ ತಿನ್ನಲು ಅನ್ನವಿರಲಿಲ್ಲ. ಜಿನ್ ಹಸಿದವನಲ್ಲ.

ಯುರಿಕೊ ಕಥೆಯನ್ನಂತೂ ಆಡಲೇಬೇಕು. ಜಿನ್‌ನನ್ನು ಚಿಕ್ಕಂದಿನಿಂದ ನೋಡಿಕೊಂಡ ಮುದುಕಿ. ವಿಷ ಮಾಡುವುದನ್ನು ಕಲಿಸುವವಳು ಅವಳೇ. ಮರೆವು ಶುರುವಾಗಿ ಜಿನ್‌ನನ್ನು ಅವನ ಅಪ್ಪ ಎಂದುಕೊಳ್ಳುತ್ತಾಳೆ. ಅವಳ ಜೊತೆ ಹೋಗುವಾಗ ಕುದುರೆ ಓಡಿಸಬೇಡಿ, ನಡೆಸಿ.

ಪ್ರಶ್ನೆ: ನನ್ನ ಹತ್ತಿರ ಪ್ಲೇಸ್ಟೇಷನ್ ಇಲ್ಲ. ಕಂಪ್ಯೂಟರಿನಲ್ಲಿ ಸಿಗುತ್ತದಾ? ಎರಡನೆಯ ಭಾಗ ಬಂತಂತೆ, ಮೊದಲನೆಯದು ಆಡಲೇಬೇಕಾ?
(ಪಿಂಪ್ರಿ ಓದುಗಿ)

ಉತ್ತರ: ಸಿಗುತ್ತದೆ. 2020ರ ಜುಲೈನಲ್ಲಿ ಪಿಎಸ್ 4ಕ್ಕೆ ಬಂದದ್ದು 2024ರ ಮೇ ತಿಂಗಳಲ್ಲಿ ಕಂಪ್ಯೂಟರಿಗೂ ಬಂತು. ಇಕಿ ದ್ವೀಪದ ಕಥೆಯೂ ಅದರಲ್ಲೇ ಸೇರಿದೆ. 75 ಜಿಬಿ ಜಾಗ ಖಾಲಿ ಇಟ್ಟುಕೊಳ್ಳಿ. ಹೊಸದು 'ಘೋಸ್ಟ್ ಆಫ್ ಯೋತೆ', 2025ರ ಅಕ್ಟೋಬರಿನಲ್ಲಿ ಪಿಎಸ್ 5ಕ್ಕೆ ಬಂತು. ಅದು 1603ರ ಕಥೆ, ನಾಯಕಿ ಅತ್ಸು, ಜಾಗ ಈಗಿನ ಹೊಕ್ಕೈಡೊ. ಜಿನ್‌ನ ಕಥೆಗಿಂತ 329 ವರ್ಷ ಆಮೇಲಿನದು. ಮೊದಲನೆಯದು ಆಡದೆಯೂ ಅದು ಅರ್ಥವಾಗುತ್ತದೆ. ಆದರೆ ನಿಮ್ಮಲ್ಲಿ ಕಂಪ್ಯೂಟರ್ ಇದೆ ಎನ್ನುತ್ತೀರಿ, ಹಾಗಾಗಿ ತ್ಸುಶಿಮಾದಿಂದಲೇ ಶುರು ಮಾಡಿ. ಧ್ವನಿಯನ್ನು ಜಪಾನಿಗೆ ಬದಲಿಸಿಕೊಂಡು, ಅಕ್ಷರ ಇಂಗ್ಲಿಷಿನಲ್ಲಿ ಇಟ್ಟುಕೊಳ್ಳಿ. ಆಡಿ ಮುಗಿಸಿದ ಮೇಲೆ ಶಿಮುರಾನನ್ನು ಏನು ಮಾಡಿದಿರಿ, ಯಾಕೆ ಎಂದು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.