ಫೀಸು ನಿಮ್ಮದು, ಕಕ್ಷಿದಾರ ನಿಮ್ಮ ಮಗ

16 ವರ್ಷದ ಮಗನ ಮೇಲೆ ಕೇಸಾಗಿದೆ, ವಕೀಲರು ನಿಮ್ಮನ್ನು ಹೊರಗೆ ಕೂರಿಸಿ ಅವನೊಬ್ಬನ ಹತ್ತಿರವೇ ಅರ್ಧ ಗಂಟೆ ಮಾತಾಡಿದರು, ಏನು ಹೇಳಿದ ಅಂತ ಕೇಳಿದರೆ ಬಾಯಿ ಬಿಡಲಿಲ್ಲ, ಫೀಸು ಕೊಡುವ ತಾಯಿಗೇ ಹೀಗಾದರೆ ವಕೀಲರನ್ನು ಬದಲಾಯಿಸಲೇ ಎಂದು ಕೇಳಿದ್ದೀರಿ. ಬದಲಾಯಿಸಬೇಡಿ.

ನಾನೂ ಮಕ್ಕಳ ಕೇಸು ನಡೆಸುವವನು, ಇದೇ ಕಾರಣಕ್ಕೆ ತಾಯಂದಿರಿಂದ ಬೈಸಿಕೊಂಡವನು. ದುಡ್ಡು ಯಾರದೇ ಇರಲಿ, ಕಕ್ಷಿದಾರ ನಿಮ್ಮ ಮಗ. ಮೂರನೆಯವರು ಪಕ್ಕದಲ್ಲಿದ್ದರೆ ಆ ಮಾತುಕತೆಗಿರುವ ಕಾನೂನಿನ ರಕ್ಷಣೆ ಎಷ್ಟೋ ಕಡೆ ತಪ್ಪಿಹೋಗುತ್ತದೆ. ನಾಳೆ ನಿಮ್ಮನ್ನೇ ಸಾಕ್ಷಿಗೆ ಕರೆದರೆ?

ಇನ್ನೊಂದು, ಹೆತ್ತವರ ಎದುರು ಹುಡುಗರು ನಿಜ ಹೇಳುವುದಿಲ್ಲ. ಒಬ್ಬ ಹುಡುಗ ನಾನು ಏನು ಕೇಳಿದರೂ ಮೊದಲು ಅಪ್ಪನ ಮುಖ ನೋಡುತ್ತಿದ್ದ, ಆಮೇಲೆ 'ಹೂಂ' ಅನ್ನುತ್ತಿದ್ದ. ಜೆರಾಕ್ಸ್ ಮಾಡಿಸಿಕೊಂಡು ಬನ್ನಿ ಎಂದು ಅಪ್ಪನನ್ನು ಕಳಿಸಿ, "ಜಾಮೀನು ಅಂದರೇನು, ನಿನ್ನ ಮಾತಲ್ಲೇ ಹೇಳು" ಅಂದೆ. "ತಪ್ಪು ಒಪ್ಕೊಂಡ್ರೆ ಮನೆಗೆ ಬಿಡೋದು" ಅಂದ. ಅಲ್ಲಿಯವರೆಗಿನ ಅವನ ಹೂಂಗಳೆಲ್ಲ ಈ ಲೆಕ್ಕದ ಮೇಲೆ ಬಂದವು! ಮೊದಲಿಂದ ಶುರುಮಾಡಿದೆವು.

ಮಕ್ಕಳ ಕೋರ್ಟಿಗೆ ವಕೀಲರೇ ಬೇಡ, ನ್ಯಾಯಾಧೀಶರೇ ತಂದೆಯ ಹಾಗೆ ನೋಡಿಕೊಳ್ಳುತ್ತಾರೆ ಎಂದು ನಂಬಿದ್ದ ಕಾಲವೂ ಇತ್ತು. 1964ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಜೆರಾಲ್ಡ್ ಗಾಲ್ಟ್ ಎಂಬ 15ರ ಹುಡುಗ ನೆರೆಯಾಕೆಗೆ ಫೋನಿನಲ್ಲಿ ಅಸಭ್ಯವಾಗಿ ಮಾತಾಡಿದ ಎಂಬ ದೂರು ಬಂತು. ದೂರು ಕೊಟ್ಟಾಕೆ ವಿಚಾರಣೆಗೆ ಬರಲೇ ಇಲ್ಲ, ಹುಡುಗನಿಗೆ ವಕೀಲರಿರಲಿಲ್ಲ. 21 ತುಂಬುವವರೆಗೆ ಸುಧಾರಣಾ ಶಾಲೆ ಎಂದು ಆದೇಶವಾಯಿತು. ದೊಡ್ಡವರಿಗಾಗಿದ್ದರೆ ಅದೇ ತಪ್ಪಿಗೆ 50 ಡಾಲರ್ ಒಳಗಿನ ದಂಡ, ಇಲ್ಲವೇ ಹೆಚ್ಚೆಂದರೆ 2 ತಿಂಗಳ ಜೈಲು. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿ, ಮಕ್ಕಳಿಗೂ ವಕೀಲರ ಹಕ್ಕಿದೆ ಎಂದಿತು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲೂ ಕಾನೂನು ನೆರವಿನ ಮಾತಿದೆ.

"ಒಂದು ವಾರ ಒಳಗಿರಲಿ ಸಾರ್, ಬುದ್ಧಿ ಬರುತ್ತೆ" ಅನ್ನುವ ಅಪ್ಪಂದಿರು ನನಗೆ ಹೊಸಬರಲ್ಲ. ಆದರೆ ಹುಡುಗ 'ಮನೆಗೆ ಹೋಗಬೇಕು' ಅಂದರೆ ನಾನು ಕೋರ್ಟಿನಲ್ಲಿ ವಾದಿಸುವುದು ಅವನ ಮಾತನ್ನೇ. ಅವನಿಗೆ ಯಾವುದು ಒಳ್ಳೆಯದು ಎಂದು ತೂಗಲು ನ್ಯಾಯಾಧೀಶರಿದ್ದಾರೆ, ಹುಡುಗನ ಮನೆ, ಶಾಲೆಯ ಪರಿಸ್ಥಿತಿ ವಿಚಾರಿಸಿ ಕೋರ್ಟಿಗೆ ವರದಿ ಕೊಡುವ ಪ್ರೊಬೇಷನ್ ಅಧಿಕಾರಿ ಇದ್ದಾರೆ. ಅವನ ಪರ ಮಾತಾಡಲು ಇರುವುದು ನಾನೊಬ್ಬನೇ. ಅವನ ನಿರ್ಧಾರ ದಡ್ಡತನ ಅನ್ನಿಸಿದರೆ ಬಾಗಿಲು ಹಾಕಿಕೊಂಡು ಬೈಯುತ್ತೇನೆ, ಅದು ಬೇರೆ.

ನಿಮಗೂ ಕೆಲಸವಿದೆ. ಹುಟ್ಟಿದ ದಿನಾಂಕದ ದಾಖಲೆ ಮೊದಲು ಹುಡುಕಿ. ಕೇಸು ಯಾವ ಕೋರ್ಟಿಗೆ ಹೋಗಬೇಕೆಂಬುದು ಅದರ ಮೇಲಿದೆ. ಶಾಲೆಯ ದಾಖಲೆ, ಡಾಕ್ಟರ ಚೀಟಿ ಏನಿದ್ದರೂ ಕೊಡಿ. ಮಗನ ಕೈಲಿ ಕ್ಷಮಾಪಣೆ ಪತ್ರ ಮಾತ್ರ ಬರೆಸಬೇಡಿ, ಅದು ತಪ್ಪೊಪ್ಪಿಗೆ ಆಗಿ ಕೂರುತ್ತದೆ. ನೆಂಟರ ಗ್ರೂಪಿನಲ್ಲಿ ಕೇಸಿನ ಕಥೆ ಹಾಕಲೂಬೇಡಿ.

ಮುಂದಿನ ತಾರೀಕು ಯಾವತ್ತು, ಜಾಮೀನಿನ ಷರತ್ತೇನು ಎಂದು ವಕೀಲರನ್ನು ಕೇಳಿ, ಖಂಡಿತ ಹೇಳುತ್ತಾರೆ. ಮಗ ಏನಂದ ಎಂಬುದನ್ನು ಬಿಟ್ಟುಬಿಡಿ. ಕೋರ್ಟಿನ ಕಾರಿಡಾರಿನಲ್ಲಿ ಎರಡು ನಿಮಿಷ ನೋಡಿ ಸಹಿ ಹಾಕಿಸಿಕೊಳ್ಳುವವರಾಗಿದ್ದರೆ ನಾನೇ ಬದಲಾಯಿಸಿ ಅನ್ನುತ್ತಿದ್ದೆ.